ಹಗುರ ಎಂದು ಬರೆದ ಮೆಣಸು

ಕಳೆದ ತಿಂಗಳು ಹಾಸನದಲ್ಲಿ ನನಗೆ ಕೆಮ್ಮು ಹಿಡಿದಿತ್ತು. ಕಷಾಯ ಮಾಡಲೆಂದು ಸೊಸೆ ಅಡುಗೆಮನೆಯಲ್ಲಿ ಕಾಳುಮೆಣಸು ಕುಟ್ಟುತ್ತಿದ್ದಳು. ಘಾಟು ನಡುಮನೆಯವರೆಗೂ ಬಂತು. ಎದ್ದು ಹೋಗಿ ಪ್ಯಾಕೆಟ್ಟಿನಿಂದ ಒಂದು ಕಾಳು ತೆಗೆದು ಹಲ್ಲಿನಡಿ ಇಟ್ಟು ಕಚ್ಚಿದೆ. ಖಾರ ಬಂತು. ಖಾರದ ಹಿಂದೆ ಬರಬೇಕಾದ ಪರಿಮಳ ಬರಲಿಲ್ಲ.

"ಮಲೆನಾಡಿನ ಮೆಣಸಂತೆ ಅತ್ತೆ, ಮೇಲೇ ಬರ್ದಿದ್ದಾರೆ ನೋಡಿ" ಎಂದಳು ಸೊಸೆ.

ಹೌದು ಎಂದೆ. ಕಷಾಯ ಕುಡಿದು ಬಂದು ಕಿಟಕಿಯ ಪಕ್ಕ ಕೂತೆ. ಸಕಲೇಶಪುರದಲ್ಲಿ ನಾನು ಕೆಲಸ ಮಾಡಿದ ಕೊನೆಯ ಬೇಸಿಗೆ, ಯಾರೂ ಕರೆಯದೆ, ಪೂರ್ತಿಯಾಗಿ ಕಣ್ಣ ಮುಂದೆ ಬಂದು ನಿಂತಿತು.

ಹದಿನೆಂಟು ವರ್ಷ ನಾನು ಚಂದ್ರಣ್ಣನವರ ಮೆಣಸಿನ ಗೋಡೌನಿನಲ್ಲಿ ಇದ್ದೆ. ಹೇಮಾವತಿ ಹೊಳೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ ಉದ್ದನೆಯ ಶೀಟಿನ ಕಟ್ಟಡ ಅದು. ಮೊದಲು ಐದು ಜನ ಹೆಂಗಸರ ಜೊತೆ ಕೂತು ಮೊರದಲ್ಲಿ ಜೊಳ್ಳು, ಕಡ್ಡಿ, ಕಲ್ಲು ಆರಿಸುತ್ತಿದ್ದೆ. ನಾಲ್ಕೈದು ವರ್ಷ ಕಳೆದ ಮೇಲೆ ಚಂದ್ರಣ್ಣ ನನ್ನನ್ನು ಮುಂದಿನ ಮೇಜಿಗೆ ಕೂರಿಸಿದರು. ಬೆಳೆಗಾರರು ತಂದ ಮೂಟೆಯಿಂದ ಒಂದು ಲೀಟರ್ ಹಿಡಿಯುವ ಅಳತೆಗೆ ಮೆಣಸು ತುಂಬಿ ತೂಗುವುದು ನನ್ನ ಕೆಲಸ. ಕಾಳು ಗಟ್ಟಿಯಿದ್ದರೆ ಲೀಟರಿಗೆ ಐನೂರೈವತ್ತು ಗ್ರಾಂ ತೂಗುತ್ತದೆ, ಜೊಳ್ಳಾದರೆ ಇಳಿಯುತ್ತದೆ. ಆ ತೂಕವನ್ನು ಚೀಟಿಯಲ್ಲಿ ಬರೆದು ಒಳಗೆ ಕಳಿಸುತ್ತಿದ್ದೆ. ಚೀಟಿ ನೋಡಿ ಚಂದ್ರಣ್ಣ ಬೆಲೆ ಹೇಳುತ್ತಿದ್ದರು. ಎಷ್ಟೋ ಸಲ ತಕ್ಕಡಿಗೆ ಇಡುವ ಮೊದಲೇ, ಮುಷ್ಟಿಯಲ್ಲಿ ಹಿಡಿದರೆ ನನಗೆ ತೂಕ ಗೊತ್ತಾಗಿಬಿಡುತ್ತಿತ್ತು. ಬೆಳೆಗಾರರೂ ನಂಬಿದ್ದರು. ನೂರ್‌ಜಾನ್ ಅನ್ನುವ ನನ್ನ ಹೆಸರು ಅವರ ಬಾಯಲ್ಲಿ ನೂರಮ್ಮ ಆಗಿತ್ತು. "ನೂರಮ್ಮ ಬರ್ದಿದ್ರೆ ಮುಗೀತು ಬಿಡಿ" ಎನ್ನುತ್ತಿದ್ದರು. ನನ್ನ ಗಂಡ ಲಾರಿಯಲ್ಲಿ ಊರೂರು ತಿರುಗುವವರು. ವಾರಕ್ಕೊಮ್ಮೆ ಮನೆಗೆ ಬಂದಾಗ ಆ ಮಾತನ್ನು ನಾನು ಅವರಿಗೆ ಹೇಳದೆ ಇರುತ್ತಿರಲಿಲ್ಲ.

ಬರುವವರಲ್ಲಿ ಬೆಳಗೋಡಿನ ಹತ್ತಿರದ ತಾಯಕ್ಕ ಒಬ್ಬಳು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಪಾಲಿಗೆ ಬಂದ ಎರಡು ಎಕರೆಯನ್ನು ಮೈದುನ ತಾನೇ ನೋಡಿಕೊಳ್ಳುತ್ತೇನೆ ಎಂದಿದ್ದ. ಇವಳು ಕೊಡಲಿಲ್ಲ. ಕಾಫಿಯ ನಡುವೆ ಇದ್ದ ಸಿಲ್ವರ್ ಮರಗಳ ಬುಡಕ್ಕೆಲ್ಲ ತಾನೇ ಗುಂಡಿ ತೋಡಿ ಮೆಣಸಿನ ಬಳ್ಳಿ ಹಬ್ಬಿಸಿದಳು. "ಹೆಂಗಸು ನೆಟ್ಟ ಬಳ್ಳಿ ಎಷ್ಟು ದಿನ ನಿಲ್ಲುತ್ತೆ ನೋಡಣ" ಎಂದು ಮೈದುನ ಊರಲ್ಲೆಲ್ಲ ಹೇಳಿಕೊಂಡು ಬಂದನಂತೆ. ಅವಳ ಮೆಣಸು ಗೋಡೌನಿಗೆ ಬಂದ ಮೊದಲ ವರ್ಷವೇ ಐನೂರ ಅರವತ್ತು ತೂಗಿತು. ಆಲೂರು ಕಡೆಯ ದೊಡ್ಡ ಎಸ್ಟೇಟಿನ ಮಾಲೂ ಅಷ್ಟು ತೂಗುತ್ತಿರಲಿಲ್ಲ. ಆ ಚೀಟಿಯನ್ನು ಅವಳು ನನ್ನಿಂದ ಕೇಳಿ ಇಸಿದುಕೊಂಡು ಹೋಗಿ ಮೈದುನನಿಗೆ ತೋರಿಸಿದ್ದಳು.

ಪ್ರತಿವರ್ಷ ಮಾರ್ಚಿನಲ್ಲಿ ಬಾಡಿಗೆ ಆಟೋದಲ್ಲಿ ಮೂಟೆಗಳ ಮೇಲೆ ತಾನೇ ಕೂತು ಬರುತ್ತಿದ್ದಳು. ನಾನು ಅಳತೆ ತುಂಬುವಾಗ ಮೇಜಿನ ಆಚೆ ನಿಂತು ಉಸಿರು ಬಿಗಿ ಹಿಡಿದಿರುತ್ತಿದ್ದಳು. ತೂಕ ಹೇಳಿದ ಮೇಲೆ, "ನಮ್ಮ ಮಕ್ಳು ಪಾಸಾದ್ರೂ ಇಷ್ಟು ಖುಷಿ ಆಗಿರ್ಲಿಲ್ಲ ಕಣೇ" ಎಂದು ನಗುತ್ತಿದ್ದಳು.

ಆ ಕೊನೆಯ ವರ್ಷ ಕೊಯ್ಲಿಗೆ ಮೊದಲೇ ಬೆಲೆ ಬೀಳಲು ಶುರುವಾಗಿತ್ತು. ಹಿಂದಿನ ವರ್ಷಗಳ ಅರ್ಧಕ್ಕೆ ಇಳಿಯುತ್ತದೆ ಎಂದು ಯಾರೋ ಹೇಳಿದಾಗ ನಾವು ನಂಬಿರಲಿಲ್ಲ. ಇಳಿಯಿತು. ಏಣಿ ಹಾಕಿ ಮೆಣಸು ಕೊಯ್ಯುವವರಿಗೆ ಕೂಲಿ ಕೊಟ್ಟರೆ ಕೈಯಲ್ಲಿ ಏನುಳಿಯುತ್ತದೆ ಎಂದು ಕೆಲವರು ಬಳ್ಳಿಯಲ್ಲೇ ಕಾಳು ಬಿಟ್ಟರು.

ಫೆಬ್ರವರಿ ಕೊನೆಯಲ್ಲಿ ಒಂದು ಬೆಳಿಗ್ಗೆ ಗೋಡೌನಿನ ಮುಂದೆ ಹೊರ ರಾಜ್ಯದ ಲಾರಿ ನಿಂತಿತ್ತು. ಮೂಟೆಗಳು ನಮ್ಮ ಗೋಣಿಯವಲ್ಲ, ಬಿಳಿ ಪ್ಲಾಸ್ಟಿಕ್ಕಿನವು. ಒಂದನ್ನು ಬಿಚ್ಚಿ ಕೈ ಹಾಕಿದೆ. ಕಾಳೆಲ್ಲ ಒಂದೇ ಸಮ, ಕಪ್ಪಗೆ, ನೋಡಲು ಚೆನ್ನಾಗಿತ್ತು. ಮುಷ್ಟಿಯಲ್ಲಿ ಹಗುರ. ಮೂಗಿಗೆ ಹಿಡಿದರೆ ಮುಚ್ಚಿಟ್ಟ ಪೆಟ್ಟಿಗೆಯ ಮುಗ್ಗಲು ವಾಸನೆ.

"ಎಲ್ಲೀದು ಅಣ್ಣ ಇದು?" ಎಂದು ಕೇಳಿದೆ.

ಚಂದ್ರಣ್ಣ ಮುಚ್ಚಿಡಲಿಲ್ಲ. ಅವರು ಕೆಟ್ಟ ಮನುಷ್ಯರಲ್ಲ, ಅದನ್ನು ಇವತ್ತಿಗೂ ಹೇಳುತ್ತೇನೆ. "ವಿಯೆಟ್ನಾಮಿಂದು ನೂರಮ್ಮ. ಅಲ್ಲಿಂದ ನೇರ ತಂದ್ರೆ ಸುಂಕ ಜಾಸ್ತಿ. ಲಂಕಾ ಜೊತೆ ನಮ್ಮ ದೇಶಕ್ಕೆ ಒಪ್ಪಂದ ಐತೆ. ಅಲ್ಲಿ ಬೆಳ್ದಿದ್ದು ಅಂತ ಕಾಗದ ಮಾಡಿಸ್ಕೊಂಡು ಬಂದ್ರೆ ಸುಂಕಾನೇ ಬೀಳಲ್ಲ. ಹಡಗು ಅಲ್ಲಿ ನಿಂತು ಬರುತ್ತೆ, ಅಷ್ಟೇ."

"ಇದನ್ನ ನಾವೇನು ಮಾಡೋದು?"

"ನಮ್ಮ ಮಾಲಿನ ಜೊತೆ ಬೆರೆಸೋದು. ನಮ್ಮಿಂದ ಕೊಳ್ಳೋ ಮೇಲಿನೂರಿನ ವ್ಯಾಪಾರಸ್ಥರು ಕೇಳೋ ಬೆಲೆಗೆ ಬರೀ ನಮ್ಮ ಮೆಣಸು ಕೊಡೋಕಾಗಲ್ಲ. ನಾನು ಕೊಡ್ಲಿಲ್ಲ ಅಂದ್ರೆ ಪಕ್ಕದೋನು ಕೊಡ್ತಾನೆ. ಗೋಡೌನಿಗೆ ಬೀಗ ಹಾಕಿದ್ರೆ ನೀವು ಆರು ಜನ ಎಲ್ಲಿಗೆ ಹೋಗ್ತೀರಿ?"

ಅವರ ಮಾತು ಬೆದರಿಕೆಯಂತಿರಲಿಲ್ಲ. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು.

ಸಿಮೆಂಟಿನ ನೆಲದ ಮೇಲೆ ಎರಡು ರಾಶಿ ಹಾಕಿ ಸಲಿಕೆಯಿಂದ ಬೆರೆಸಿದೆವು. ಬೆರೆಸಿದ ಮೇಲೆ ಯಾವುದು ಎಲ್ಲಿಯದು ಎಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ಮೇಜಿನ ಕೆಲಸ ಇಲ್ಲದ ಒಂದು ದಿನ ಜೊಳ್ಳು ಆರಿಸುವಾಗ ಮೊರದಲ್ಲಿ ಕಾಗದದ ಚೂರು ಸಿಕ್ಕಿತು. ಇಂಗ್ಲಿಷಿನಂಥ ಅಕ್ಷರಗಳ ತಲೆಯ ಮೇಲೆ ಸಣ್ಣ ಸಣ್ಣ ಗೆರೆ, ಚುಕ್ಕಿ. ಹಿಂದೆ ಪೆನ್ನಿನಲ್ಲಿ ಯಾರೋ ಗೀಟು ಹಾಕಿಕೊಂಡಿದ್ದರು, ಐದೈದರ ಕಟ್ಟು, ಬುಟ್ಟಿ ಲೆಕ್ಕ ಇಟ್ಟಂತೆ. ವಿಯೆಟ್ನಾಮಿನಲ್ಲಿಯೂ ನನ್ನಂಥವಳೊಬ್ಬಳು ಕೂತಿರುತ್ತಾಳೆ ಅನ್ನಿಸಿತು. ಅವಳಿಗೆ ಎಷ್ಟು ಸಿಕ್ಕಿತೋ. ಕಾಗದವನ್ನು ಕಸಕ್ಕೆ ಹಾಕಿ ಮುಂದಿನ ಮೊರ ತೆಗೆದುಕೊಂಡೆ.

ಮಾರ್ಚಿನ ಮೊದಲ ವಾರ ಚಂದ್ರಣ್ಣ ನನ್ನ ಮೇಜಿನ ಬಳಿ ಬಂದು ನಿಂತರು. ಹೊರಗಿನ ಮಾಲು ಹಗುರ, ಅದರ ಜೊತೆ ಬೆರೆಸಲು ನಮ್ಮ ಗಟ್ಟಿ ಮೆಣಸು ಬೇಕೇ ಬೇಕು, ಆದರೆ ಗಟ್ಟಿ ಮೆಣಸಿಗೆ ಗಟ್ಟಿ ಬೆಲೆ ಕೊಡುವಂತಿಲ್ಲ.

"ಈ ವರ್ಷ ಯಾರ್ದೂ ಐನೂರರ ಮೇಲೆ ಬರೀಬೇಡ" ಎಂದರು. ನನ್ನ ಮುಖ ನೋಡದೆ ತಕ್ಕಡಿಯ ಮುಖವನ್ನು ನನ್ನ ಕಡೆಗೆ ತಿರುಗಿಸಿಟ್ಟು ಹೋದರು. ಬೆಳೆಗಾರರಿಗೆ ಇನ್ನು ಅಂಕಿ ಕಾಣುವುದಿಲ್ಲ.

ಆ ದಿನ ಮನಸ್ಸಿಗೆ ಏನಾಯಿತು ಎಂದು ಯಾರಾದರೂ ಕೇಳಿದರೆ ಹೇಳಲು ನನ್ನಲ್ಲಿ ಏನೂ ಇಲ್ಲ. ಮೊದಲನೆಯವರದ್ದು ಐನೂರ ನಲವತ್ತು ಇತ್ತು, ನಾನೂರ ತೊಂಬತ್ತು ಎಂದು ಬರೆದೆ. ಎರಡನೆಯವರದ್ದನ್ನೂ ಹಾಗೇ ಬರೆದೆ. ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟ ಮಾಡಿದೆ. ಊಟ ರುಚಿಯಾಗಿಯೇ ಇತ್ತು. ಸಂಜೆ ಮನೆಗೆ ಹೋಗಿ ನೀರು ಹಿಡಿದೆ.

ಹತ್ತು ದಿನದ ಮೇಲೆ ತಾಯಕ್ಕ ಬಂದಳು. ಅವಳ ಗೋಣಿಯಿಂದ ಮೆಣಸು ಮೊಗೆದಾಗಲೇ ನನಗೆ ಗೊತ್ತಾಯಿತು, ಎಂದಿನ ಹಾಗೇ ಇದೆ. ತಕ್ಕಡಿ ಐನೂರ ಐವತ್ತೆಂಟು ತೋರಿಸಿತು. ಅವಳು ಆಚೆ ನಿಂತು ಉಸಿರು ಹಿಡಿದಿದ್ದಳು.

"ನಾನೂರ ಎಂಬತ್ತು" ಎಂದೆ.

"ಏನೇ?"

"ನಾನೂರ ಎಂಬತ್ತು, ತಾಯಕ್ಕ. ಈ ಸಲ ಹಗುರ ಐತೆ."

ಅವಳು ಬಗ್ಗಿ ಅಳತೆಯೊಳಗೆ ನೋಡಿದಳು. ನಾಲ್ಕು ಕಾಳು ತೆಗೆದು ಉಗುರಿನಿಂದ ಒತ್ತಿದಳು. "ಗಟ್ಟಿಯಾಗೇ ಐತಲ್ಲೇ. ಇನ್ನೊಂದು ಸಲ ತೂಗು."

ಇನ್ನೊಂದು ಸಲ ತೂಗಿದೆ. ಐನೂರ ಐವತ್ತೊಂಬತ್ತು. "ಅಷ್ಟೇ ಬರ್ತೈತೆ" ಎಂದೆ.

ಬೇರೆ ಯಾರೇ ಆಗಿದ್ದರೂ ಜಗಳ ತೆಗೆಯುತ್ತಿದ್ದರು, ತಕ್ಕಡಿ ತಿರುಗಿಸು ಎನ್ನುತ್ತಿದ್ದರು. ಅವಳು ಅನ್ನಲಿಲ್ಲ. ಬರೆದವಳು ನಾನಲ್ಲವೇ. ಕೈಯಲ್ಲಿದ್ದ ಕಾಳನ್ನು ಅಳತೆಗೆ ಮರಳಿ ಹಾಕಿ, "ಹೋದ ಮಳೇಲಿ ತೋಟದ ಮೇಲಿನ ಪಟ್ಟೀಲಿ ಎಲೆ ಹಳದಿ ತಿರುಗಿತ್ತು ಕಣೇ. ಅದ್ಕೇ ಇರ್ಬೇಕು" ಎಂದಳು.

ಆಗಲಾದರೂ ನಾನು ಒಂದು ಮಾತು ಆಡಬಹುದಿತ್ತು. "ಇರ್ಬೋದು" ಎಂದೆ.

ಏಪ್ರಿಲಿನಲ್ಲಿ ಉಳಿದ ಎರಡು ಮೂಟೆ ತಂದಳು. ಅದಕ್ಕೂ ಹಾಗೇ ಬರೆದೆ. ಈ ಸಲ ಅವಳು ಮತ್ತೆ ತೂಗು ಎನ್ನಲಿಲ್ಲ. ಚೀಟಿ ಬೇಕೆಂದೂ ಅನ್ನಲಿಲ್ಲ.

ಮೇ ತಿಂಗಳು ಹುಟ್ಟಿದ ಮೇಲೆ ಬೆಳಗೋಡು ಕಡೆಯ ಒಬ್ಬ ಬೆಳೆಗಾರರು ಮೆಣಸು ತಂದಿದ್ದರು. ತೂಗುತ್ತಾ ಸುಮ್ಮನೆ, "ತಾಯಕ್ಕ ಹೆಂಗಿದ್ದಾಳೆ?" ಎಂದು ಕೇಳಿದೆ.

"ಅಯ್ಯೋ, ಆಯಮ್ಮ ಬಳ್ಳಿ ಕಿತ್ತಾಕ್ಬುಟ್ರಲ್ಲ! ಸೊರಗು ರೋಗ ಬಂದೈತೆ, ಕಾಳು ಜೊಳ್ಳಾಗೈತೆ ಅಂತ ಮೇಲಿನ ಪಟ್ಟಿ ಪೂರಾ ಬುಡ ಸಮೇತ ಅಗ್ದು ಸುಟ್ಟಾಕಿದ್ರು. ಬಿಟ್ರೆ ಕೆಳಗಿನ ಪಟ್ಟಿಗೂ ಹಬ್ಬುತ್ತೆ ಅಂತ."

ಸೊರಗು ರೋಗ ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಂದು ಬಳ್ಳಿಗೆ ಬಂದರೆ ವಾರದಲ್ಲಿ ಬಾಡಿ ಹೋಗುತ್ತದೆ, ಪಕ್ಕದ ಬಳ್ಳಿಗೂ ಅಂಟುತ್ತದೆ. ಕಿತ್ತು ಸುಡುವುದೇ ದಾರಿ ಎನ್ನುತ್ತಾರೆ. ಅವಳು ಸರಿಯಾಗಿಯೇ ಮಾಡಿದ್ದಳು, ನನ್ನ ಚೀಟಿ ಸರಿಯಾಗಿದ್ದಿದ್ದರೆ.

ಭಾನುವಾರ ಬೆಳಿಗ್ಗೆ ಬೆಳಗೋಡು ಬಸ್ ಹತ್ತಿದೆ. ಬಸ್ಸಿಳಿದು ಗದ್ದೆ ಏರಿಯ ಮೇಲೆ ಒಂದು ಮೈಲಿ ನಡೆದೆ. ಹದಿನೆಂಟು ವರ್ಷದಲ್ಲಿ ಅವಳ ತೋಟಕ್ಕೆ ಹೋದದ್ದು ಅದೇ ಮೊದಲು. ಮೇಲಿನ ಪಟ್ಟಿಯ ಸಿಲ್ವರ್ ಮರಗಳು ಬರಿಮೈಯಲ್ಲಿ ನಿಂತಿದ್ದವು. ಬಳ್ಳಿಯ ಬೇರು ಅಂಟಿಕೊಂಡಿದ್ದ ಕಡೆ ತೊಗಟೆಯ ಮೇಲೆ ಕಂದು ಗುರುತು, ಆಳೆತ್ತರಕ್ಕೂ ಮೇಲೆ. ಪ್ರತಿ ಬುಡದಲ್ಲೂ ಅಗೆದ ಗುಂಡಿ. ನಡುವೆ ಬೂದಿ ಗುಡ್ಡೆ.

ತಾಯಕ್ಕ ಕೆಳಗಿನ ಪಟ್ಟಿಯಲ್ಲಿ ಕಾಫಿ ಗಿಡದ ಚಿಗುರು ತೆಗೆಯುತ್ತಿದ್ದವಳು ನನ್ನನ್ನು ಕಂಡು ಕೈ ಒರೆಸಿಕೊಂಡು ಬಂದಳು. "ಏನೇ ನೂರಮ್ಮ, ದಾರಿ ತಪ್ಪಿ ಬಂದ್ಯಾ?"

ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಯೋಚಿಸಿಕೊಂಡು ಬಂದಿದ್ದೆ. ಅದೊಂದೂ ಬಾಯಿಗೆ ಬರಲಿಲ್ಲ. ನಿಂತಲ್ಲೇ ಹೇಳಿಬಿಟ್ಟೆ. ಲಾರಿ ಬಂದದ್ದು, ಬೆರೆಸಿದ್ದು, ತಕ್ಕಡಿ ತಿರುಗಿಸಿದ್ದು, ಐನೂರ ಐವತ್ತೆಂಟು ಇದ್ದದ್ದು.

ಅವಳು ಪೂರ್ತಿ ಕೇಳಿದಳು.

"ಅಂದ್ರೆ ನನ್ನ ಬಳ್ಳಿಗೆ ಏನೂ ಆಗಿರ್ಲಿಲ್ವಾ?"

"ಇಲ್ಲ, ತಾಯಕ್ಕ."

"ಎಲೆ ಹಳದಿ ಆಗಿದ್ದು?"

"ಮಳೆ ಜಾಸ್ತಿಯಾಗಿ ನೀರು ನಿಂತಿರ್ಬೇಕು. ಕಾಳು ಗಟ್ಟಿ ಇತ್ತು."

ಅವಳು ತಿರುಗಿ ಮೇಲಿನ ಪಟ್ಟಿ ನೋಡಿದಳು. ಬೈಯುತ್ತಾಳೆ, ಹೊಡೆದರೂ ಹೊಡೆಯಬಹುದು ಎಂದುಕೊಂಡೆ. ಹೊಡೆದಿದ್ದರೆ ನನಗೂ ಏನಾದರೂ ಅನ್ನಿಸುತ್ತಿತ್ತೋ ಏನೋ. "ಹಬ್ಬಿಸೋಕೆ ಏಳು ವರ್ಷ ಆಯ್ತು" ಎಂದಳು. "ಕೀಳೋಕೆ ಎರಡು ದಿನ. ಮೈದುನ ತಾನೇ ಬಂದು ಗುದ್ದಲಿ ಹಿಡ್ದ. ಮೊದ್ಲೇ ಹೇಳಿರ್ಲಿಲ್ವಾ ಅತ್ಗೆ, ಅಂತ ನಗ್ತಾ ನಗ್ತಾನೇ ಅಗ್ದ."

ಒಳಗೆ ಹೋಗಿ ಕಾಫಿ ಮಾಡಿ ತಂದಳು. ಇಬ್ಬರೂ ಜಗಲಿಯ ಮೇಲೆ ಕೂತು ಕುಡಿದೆವು. ಲೋಟ ಕೆಳಗಿಟ್ಟು ಅವಳು ಹೇಳಿದಳು: "ಮುಂದಿನ ವಾರ ಬೆಳೆಗಾರರು ಸಭೆ ಸೇರ್ತಾರೆ, ಸಕಲೇಶಪುರದಲ್ಲಿ. ಬೆಂಗಳೂರಿಂದ ಅಧಿಕಾರಿಗಳು ಬರ್ತಾರಂತೆ. ಹೊರಗಿನ ಮೆಣಸು ಇಲ್ಲಿ ಬರ್ತಾನೇ ಇಲ್ಲ, ಬರೀ ಪುಕಾರು ಅಂತಾವ್ರೆ ಕೆಲವ್ರು. ನಂಗೆ ಹೇಳಿದ್ನ ಅಲ್ಲಿ ಹೇಳ್ತೀಯಾ?"

ಹೇಳುತ್ತೇನೆ ಎಂದೆ. ಅದು ಧೈರ್ಯದಿಂದ ಬಂದ ಮಾತಲ್ಲ. ಇಲ್ಲ ಎನ್ನಲು ಬೇಕಾದ ಶಕ್ತಿಯೂ ಇರಲಿಲ್ಲ, ಅಷ್ಟೇ.

ಸಭೆ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ರಂಜಾನ್ ಉಪವಾಸ ಶುರುವಾಗಿತ್ತು. ದೊಡ್ಡ ಎಸ್ಟೇಟಿನವರು ಮುಂದಿನ ಸಾಲಿನಲ್ಲಿ, ಸಣ್ಣ ಹಿಡುವಳಿಯವರು ಹಿಂದೆ. ಹೆಂಗಸರು ನಾವು ಏಳೆಂಟು ಜನ. ಚಂದ್ರಣ್ಣನೂ ಬಂದು ಗೋಡೆಗೆ ಒರಗಿ ನಿಂತಿದ್ದರು. ತಾಯಕ್ಕ ನನ್ನ ಮೊಣಕೈ ಮುಟ್ಟಿದಾಗ ಎದ್ದು ನಿಂತೆ. ಮೈಕು ಕೊಟ್ಟರು.

"ನಾನು ಮೆಣಸು ತೂಗೋಳು. ಹೊರಗಿನ ಮೆಣಸು ಬರುತ್ತೆ. ನಾನೇ ಬೆರೆಸಿದ್ದೀನಿ. ಗಟ್ಟಿ ಮೆಣಸನ್ನ ಹಗುರ ಅಂತ ನಾನೇ ಬರ್ದಿದ್ದೀನಿ."

ಅಷ್ಟೇ ಹೇಳಿದ್ದು. ಯಾವ ಗೋಡೌನು ಎಂದು ನಾನು ಹೇಳಲಿಲ್ಲ, ಕೇಳುವ ಅಗತ್ಯ ಅಲ್ಲಿ ಯಾರಿಗೂ ಇರಲಿಲ್ಲ. ಹಿಂದಿನ ಸಾಲುಗಳಲ್ಲಿ ಗದ್ದಲ ಎದ್ದಿತು. ನನ್ನ ಚೀಟಿ ನಂಬಿಕೊಂಡು ಮಾರಿದವರು ಅಲ್ಲಿ ಎಷ್ಟೋ ಜನ ಇದ್ದರು. ಒಬ್ಬರು ಎದ್ದು ನಿಂತು, "ನೂರಮ್ಮ, ನಂದೂನಾ?" ಎಂದು ಕೇಳಿದರು. "ಹೂಂ, ನಿಮ್ದೂನು" ಎಂದೆ.

ವೇದಿಕೆಯಲ್ಲಿದ್ದ ಅಧಿಕಾರಿ ಸಮಾಧಾನದ ದನಿಯಲ್ಲಿ ಮಾತಾಡಿದರು. "ನೋಡಿ ಅಮ್ಮ, ಬೆರಕೆ ತಪ್ಪು, ಬರ್ಕೊಂಡಿದ್ದೀವಿ. ಆದ್ರೆ ಲಂಕಾ ಜೊತೆಗಿನ ಒಪ್ಪಂದ ಎರಡು ದೇಶದ ನಡುವಿಂದು. ನಮ್ಮ ಗಾಡಿಗಳು, ಔಷಧಿಗಳು ಅಲ್ಲಿಗೆ ಹೋಗ್ತವೆ. ಅಲ್ಲಿಂದಾನೂ ಏನಾದ್ರೂ ಬರ್ಬೇಕಲ್ಲ. ಒಟ್ಟಾರೆ ನೋಡಿದ್ರೆ ದೇಶಕ್ಕೆ ಲಾಭವೇ."

ತಾಯಕ್ಕ ಮೈಕಿಲ್ಲದೆಯೇ ಹೇಳಿದಳು. "ಗಾಡಿ ಮಾರಿದ್ದು ಯಾರೋ ಸ್ವಾಮಿ. ಬಳ್ಳಿ ಕಿತ್ತಿದ್ದು ನಾನು."

ಅಧಿಕಾರಿ ತಲೆಯಾಡಿಸಿ ಅದನ್ನೂ ಬರೆದುಕೊಂಡರು.

ಹೊರಗೆ ಚಂದ್ರಣ್ಣ ನನಗಾಗಿ ಕಾದಿದ್ದರು. ಕೂಗಾಡಲಿಲ್ಲ. "ನೀನು ಹೇಳಿದ್ದು ಸುಳ್ಳಲ್ಲ ನೂರಮ್ಮ" ಎಂದರು. "ಆದ್ರೆ ನಾಳೆಯಿಂದ ಬರ್ಬೇಡ." ಅವರ ಸ್ಥಾನದಲ್ಲಿದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಮೊರ ಹಿಡಿಯುವ ಐದು ಜನ ಹೆಂಗಸರು ಇನ್ನೆರಡು ತಿಂಗಳು ಕೆಲಸ ಮಾಡಿದರು. ಆಮೇಲೆ ಗೋಡೌನು ಬಾಗಿಲು ಹಾಕಿತು. ಅವರಲ್ಲಿ ಇಬ್ಬರು ಬಜಾರಿನಲ್ಲಿ ಕಂಡರೂ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಹೊರಗಿನ ಮೆಣಸಿಗೆ ಇಷ್ಟಕ್ಕಿಂತ ಕಡಿಮೆ ಬೆಲೆ ಇರಕೂಡದು ಎಂದು ಸರ್ಕಾರ ಆದೇಶ ಮಾಡಿದೆ, ಆದರೂ ಮಾಲು ಬರುವುದು ನಿಂತಿಲ್ಲ ಎಂದು ಜನ ಹೇಳುತ್ತಿದ್ದರು. ನಾನು ಯಾವುದನ್ನೂ ವಿಚಾರಿಸಲು ಹೋಗಲಿಲ್ಲ. ಮನೆಯಲ್ಲಿ ಕೂತು ಗೋಡೆ ನೋಡುತ್ತಿದ್ದೆ. ಗಂಡ ಬಂದವರು, "ಹೋಗ್ಲಿ ಬಿಡು, ಇನ್ನೊಂದು ಕೆಲ್ಸ ಸಿಗುತ್ತೆ" ಎಂದರು. ಕೆಲಸದ ಚಿಂತೆ ನನಗಿರಲಿಲ್ಲ. ಯಾವ ಚಿಂತೆಯೂ ಇರಲಿಲ್ಲ. ಅದೇ ನನಗೆ ವಿಚಿತ್ರವಾಗಿ ಕಂಡದ್ದು.

ಗೋಡೌನು ಇನ್ನೂ ನಡೆಯುತ್ತಿದ್ದಾಗಲೇ, ರಂಜಾನ್ ಹಬ್ಬ ಕಳೆದ ವಾರ, ಮಳೆ ಹಿಡಿಯಿತು. ತಾಯಕ್ಕ ಫೋನ್ ಮಾಡಿದಳು. ಕೆಳಗಿನ ಪಟ್ಟಿಯ ಬಳ್ಳಿಗಳ ಬುಡದಲ್ಲಿ ನೆಲಕ್ಕೆ ಹರಿದಿದ್ದ ಹಂಬುಗಳನ್ನು ಕತ್ತರಿಸಿ ಮೇಲಿನ ಪಟ್ಟಿಗೆ ನೆಡಬೇಕಂತೆ. "ಆಳು ಸಿಕ್ತಿಲ್ಲ. ಬರ್ತೀಯಾ? ಎಲ್ಲಾರ್ಗೂ ಕೊಡೋ ಕೂಲೀನೇ ಕೊಡ್ತೀನಿ."

ಹೋದೆ. ಆರು ದಿನ ಮಳೆಗೆ ತಲೆ ಮುಚ್ಚುವ ಗೋಣಿ ಕೊಪ್ಪೆ ಹಾಕಿಕೊಂಡು ಕೆಲಸ ಮಾಡಿದೆವು. ಅವಳು ಮುಂದೆ ಗುಂಡಿ ತೋಡುತ್ತಾ ಹೋಗುವುದು, ನಾನು ಹಿಂದೆ ಎರಡೆರಡು ಹಂಬು ಊರಿ ಮಣ್ಣು ತುಳಿಯುವುದು. ಜಿಗಣೆ ಹತ್ತಿದರೆ ಸುಣ್ಣ ಹಚ್ಚಿಕೊಳ್ಳುವುದು. ಗೋಡೌನಿನ ವಿಷಯ ಅವಳು ಒಂದು ಸಲವೂ ಎತ್ತಲಿಲ್ಲ. ಮಳೆ, ಕಾಫಿ, ಮಗಳ ಬಾಣಂತನ, ಅದೇ ಮಾತು. ಬೇಲಿಯ ಆಚೆ ಮೈದುನ ಬಂದು ನಿಂತು ನೋಡಿ ಹೋಗುತ್ತಿದ್ದ. ಸಂಜೆ ಕೂಲಿ ಕೊಡುವಾಗ ನನ್ನ ಕೈಗೂ ಕಾಫಿ ಗಿಡದ ಕೆಲಸಕ್ಕೆ ಬಂದಿದ್ದ ಒಂದಿಬ್ಬರ ಕೈಗೂ ಒಂದೇ ರೀತಿ ಹಾಕುತ್ತಿದ್ದಳು.

ಆರನೆಯ ದಿನ ಮಧ್ಯಾಹ್ನ, ಕೊನೆಯ ಎರಡು ಸಾಲು ಉಳಿದಿದ್ದಾಗ, ನನಗೆ ತಡೆಯಲಾಗಲಿಲ್ಲ.

"ತಾಯಕ್ಕ, ನನ್ನ ಮೇಲೆ ಸಿಟ್ಟಿಲ್ವಾ ನಿಂಗೆ?"

ಅವಳು ಗುದ್ದಲಿ ನೆಲಕ್ಕೂರಿ ನೆಟ್ಟಗೆ ನಿಂತಳು. ಮುಖದ ಮೇಲಿನ ನೀರನ್ನು ತೋಳಿನಿಂದ ಒರೆಸಿಕೊಂಡಳು.

"ಐತೆ" ಎಂದಳು. "ಈ ಬಳ್ಳಿ ಕಾಯಿ ಕಟ್ಟೋಕೆ ಇನ್ನು ಮೂರು ವರ್ಷ ಬೇಕು. ಅಲ್ಲೀತಂಕ ಇರುತ್ತೆ. ಆಮೇಲೆ ನೋಡಣ."

ಹಾಗೆಂದು ಮುಂದಿನ ಮರದ ಕಡೆ ನಡೆದಳು. ನಾನು ಹಂಬಿನ ಬುಟ್ಟಿ ಎತ್ತಿಕೊಂಡು ಅವಳ ಹಿಂದೆ ಹೋದೆ.